ಕಾಂಪೌಂಡಿನ ಜುನಿಪರ್ ಕಿತ್ತು ಬಾಂಡ್ಲಿಗೆ ಹಾಕಿದ ಕಥೆ: ಎರಡೂಕಾಲು ವರ್ಷದ ಲೆಕ್ಕ

ಮೊದಲೇ ಹೇಳ್ಬಿಡ್ತೀನಿ, ಗಿಡ ಇನ್ನೂ ಬೋನ್ಸಾಯ್ ಕುಂಡಕ್ಕೆ ಹೋಗಿಲ್ಲ. ಬದುಕಿದೆ, ಅಷ್ಟೇ. ಕುಂಡ ಮಾತ್ರ 1,800 ರೂಪಾಯಿ ಕೊಟ್ಟು ತಂದಾಗಿದೆ, ಅದರ ಗತಿ ಏನಾಯ್ತು ಅಂತ ಕೊನೇಲಿ ಬರುತ್ತೆ.

ನಮ್ಮದು ಮೈಸೂರು, ಕುವೆಂಪುನಗರ. ಕಾಂಪೌಂಡ್ ಗೋಡೆಯಿಂದ ಒಂದೂವರೆ ಅಡಿ ದೂರದಲ್ಲಿ ಒಂದು ಜುನಿಪರ್ (ಸೈಪ್ರೆಸ್ ಜಾತಿಯ, ಸದಾ ಹಸಿರಾಗಿರೋ ಗಿಡ) ಇತ್ತು, 2008ರಲ್ಲಿ ಅಪ್ಪ ದಸರಾ ಟೈಮಲ್ಲಿ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನ ನೋಡಕ್ಕೆ ಹೋದೋರು ಬರ್ತಾ ಅರವತ್ತೋ ಎಪ್ಪತ್ತೋ ರೂಪಾಯಿಗೆ ತಂದು ನೆಟ್ಟಿದ್ದು. ಹದಿನೈದು ವರ್ಷದಲ್ಲಿ ಐದೂವರೆ ಅಡಿ ಆಗಿತ್ತು, ಬುಡಕ್ಕೆ ಟೈಲರ್ ಟೇಪ್ ಸುತ್ತಿದ್ರೆ 28 ಸೆಂಟಿಮೀಟರ್, ಅಂದ್ರೆ ದಪ್ಪ ಹೆಚ್ಚುಕಮ್ಮಿ 9. ಕಾರು ನಿಲ್ಲಿಸಕ್ಕೆ ಶೀಟ್ ಹಾಕಿಸ್ಬೇಕು ಅಂತ ಮನೇಲಿ ತೀರ್ಮಾನ ಆಯ್ತು, ಗಿಡ ಅಡ್ಡ. ಇಷ್ಟು ದಪ್ಪ ಬುಡದ್ದು ಕೊಂಡ್ಕೊಳ್ಳಕ್ಕೆ ಹೋದ್ರೆ ನನ್ನ ಜೇಬಿಗಾಗಲ್ಲ, ಕಡಿದು ಬಿಸಾಡಕ್ಕೆ ಮನಸ್ಸು ಬರ್ಲಿಲ್ಲ, ಕಿತ್ತು ಬೋನ್ಸಾಯ್ ಮಾಡೋಣ ಅಂತ ಹೊರಟೆ.

ನನ್ನ ಅನುಭವ ಅಂದ್ರೆ ಆಲ, ಅರಳಿ, ಅತ್ತಿ. ಗೋಡೆ ಬಿರುಕಲ್ಲಿ ಹುಟ್ಟಿದ್ದನ್ನ ಕಿತ್ತು ತಂದು, ಬೇರು ಪೂರ್ತಿ ತೊಳೆದು, ಎಲೆ ಎಲ್ಲಾ ಕತ್ತರಿಸಿ ಬೋಳು ಕಡ್ಡಿ ನೆಟ್ಟರೂ ತಿಂಗಳಲ್ಲಿ ಚಿಗುರ್ತವೆ, ಸಾಯ್ಸೋಣ ಅಂದ್ರೂ ಸಾಯಲ್ಲ. ಊಟಿ ರೋಡಲ್ಲಿ ಗಣಪತಿ ಸಚ್ಚಿದಾನಂದ ಆಶ್ರಮದ ಬೋನ್ಸಾಯ್ ತೋಟ ಇದೆಯಲ್ಲ, ಅಲ್ಲಿ ನೋಡಿ ನೋಡಿ ಹಿಡಿದ ಹುಚ್ಚು ಇದು. ಆ ಆಲದ ಬುದ್ಧೀನ 2021ರಲ್ಲಿ ಒಂದು ನರ್ಸರಿ ಜುನಿಪರ್ ಮೇಲೆ ಉಪಯೋಗಿಸಿದ್ದೆ, 350 ರೂಪಾಯಿದು. ಬೇರು ನಲ್ಲಿ ಕೆಳಗೆ ತೊಳೆದು ಪುಟ್ಟ ಕುಂಡಕ್ಕೆ ಹಾಕ್ದೆ. ಎರಡು ತಿಂಗಳು ಹಚ್ಚಗೆ ಇತ್ತು, ನಾನು ಎಲ್ಲರಿಗೂ ತೋರಿಸಿಕೊಂಡು ಓಡಾಡ್ದೆ. ಆಮೇಲೆ ಒಂದಿನ ಎಲೆ ಮುಟ್ಟಿದ್ರೆ ಹಪ್ಪಳದ ತರ ಗರಗರ, ಉಗುರಲ್ಲಿ ತೊಗಟೆ ಕೆರೆದ್ರೆ ಒಳಗೆ ಕಂದು. ಜುನಿಪರ್ ಸತ್ತಿದ್ದನ್ನ ಬೇಗ ಹೇಳಲ್ಲ, ಒಣಗಿ ಬಣ್ಣ ತಿರುಗಕ್ಕೆ ವಾರಗಟ್ಟಲೆ ಬೇಕು, ನೀವು ಅಷ್ಟು ದಿನವೂ ಹೆಣಕ್ಕೆ ನೀರು ಹಾಕ್ತಿರ್ತೀರ. ಈ ಸಲ ಹಾಗಾಗಬಾರದು ಅಂತ ಬರೆದಿಟ್ಟುಕೊಂಡೇ ಮಾಡಿದ್ದು.

ಹಂತ 1, 29 ಅಕ್ಟೋಬರ್ 2023: ಅರ್ಧ ಕಾಲುವೆ

ನೇರವಾಗಿ ಕೀಳೋ ಬದಲು ನೆಲದಲ್ಲಿದ್ದಾಗಲೇ ಒಂದು ಕಡೆ ಬೇರು ಕತ್ತರಿಸಿ ಬಿಟ್ಟರೆ ಕತ್ತರಿಸಿದ ಜಾಗದಲ್ಲಿ ಬುಡದ ಹತ್ರಾನೇ ಸಣ್ಣ ಕೂದಲು ಬೇರು ಬರುತ್ತೆ. ಅದಕ್ಕೆ ಬುಡದಿಂದ 10 ಇಂಚು ಬಿಟ್ಟು ಮನೆ ಕಡೆ ಅರ್ಧ ವೃತ್ತ ಎಳೆದೆ, ಹಾರೆ ಮತ್ತೆ ಸಲಿಕೆ ಹಿಡ್ಕೊಂಡು ಒಂದು ಗೇಣು ಅಗಲ, ಒಂದಡಿ ಆಳ ತೋಡಿದೆ. ನಮ್ಮ ಕೆಂಪು ಮಣ್ಣು ಮಳೆ ನಿಂತ ಮೇಲೆ ಕಲ್ಲಿನ ಹಾಗೆ ಆಗಿರುತ್ತೆ, ಮೂರು ಗಂಟೆ ಹಿಡೀತು, ಅಂಗೈಲಿ ಎರಡು ಬೊಬ್ಬೆ. ಹೆಬ್ಬೆರಳು ದಪ್ಪದ ನಾಲ್ಕು ಬೇರು ಸಿಕ್ತು, ಗರಗಸದಲ್ಲಿ ನೀಟಾಗಿ ಕೊಯ್ದು ಕಾಲುವೆಗೆ ದಪ್ಪ ಮರಳು, ಎರೆಗೊಬ್ಬರ ಅರ್ಧರ್ಧ ಸೇರಿಸಿ ತುಂಬ್ದೆ. ಗರಗಸ ಹೊಸದು, 450 ರೂಪಾಯಿ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆ ಒಂದು, ಎರೆಗೊಬ್ಬರ ಒಂದು ಚೀಲ, ಎರಡೂ ಸೇರಿ 160.

ಪ್ಲಾನ್ ಏನಿತ್ತು ಅಂದ್ರೆ ಮುಂದಿನ ಮಳೆಗಾಲಕ್ಕೆ ಗೋಡೆ ಕಡೆ ಅರ್ಧ, ಅದರ ಮುಂದಿನ ವರ್ಷ ಕೀಳೋದು. ಜನವರೀಲಿ ಶೀಟ್ ಹಾಕೋರು ಬಂದು ಅಳತೆ ತಗೊಂಡು ಫೆಬ್ರವರಿ ಕೊನೇಲಿ ಕೆಲಸ ಶುರು ಅಂದ್ರು. ಅಪ್ಪ "ಲೋ, ಅವರು ಸಿಗೋದೇ ಕಷ್ಟ, ನಿನ್ನ ಗಿಡಕ್ಕೋಸ್ಕರ ಇನ್ನೆರಡು ವರ್ಷ ಕಾರು ಬಿಸಿಲಲ್ಲಿ ನಿಲ್ಲಿಸ್ಲಾ" ಅಂದ್ರು. ಗೋಡೆ ಕಡೆ ಅರ್ಧ ಆಗ್ಲೇ ಇಲ್ಲ. ಇದನ್ನ ನೆನಪಿಟ್ಕೊಳಿ, ಮುಂದೆ ಬರುತ್ತೆ.

ಹಂತ 2: ಮಣ್ಣು ಅಲ್ಲ, ಇಟ್ಟಿಗೆ

ಬೋನ್ಸಾಯ್‌ಗೆ ಜಪಾನಿಂದ ಬರೋ ಅಕಡಾಮ ಅದು ಇದು ಅಂತಾರೆ, ಬೆಲೆ ನೋಡಿದ್ರೆ ಗಿಡಕ್ಕಿಂತ ಮಣ್ಣೇ ದುಬಾರಿ. ನಾನು ಇಟ್ಟಿಗೆ ಚೂರು ಅಂತ ತೀರ್ಮಾನ ಮಾಡ್ದೆ, ನೀರು ಹೀರ್ಕೊಳುತ್ತೆ, ಮಧ್ಯೆ ಗಾಳಿ ಆಡುತ್ತೆ. ಹಿಂದಿನ ಬೀದೀಲಿ ಹಳೇ ಮನೆ ಕೆಡವ್ತಿದ್ರು, ಎರಡು ಚೀಲ ಇಟ್ಟಿಗೆ ಫ್ರೀಯಾಗಿ ಹೊತ್ಕೊಂಡು ಬಂದೆ. ಎರಡು ಸಂಜೆ ಕೂತು ಸುತ್ತಿಗೇಲಿ ಕುಟ್ಟಿದ ಮೇಲೆ ನೋಡ್ತೀನಿ, ಚೂರಿನ ಮೇಲೆಲ್ಲಾ ಬೆಳ್ಳಗೆ ಗಾರೆ ಅಂಟಿದೆ. ಒಂದು ಹಿಡಿ ತಗೊಂಡು ವಿನೆಗರ್ ಸುರಿದ್ರೆ ಸೋಡಾ ತರ ನೊರೆ ಬಂತು, ಸುಣ್ಣ. ಜುನಿಪರ್ ತಡ್ಕೊಂಡ್ರೂ ತಡ್ಕೊಳ್ಳುತ್ತೇನೋ, ಆದ್ರೆ ಬೇರು ಕತ್ತರಿಸಿಕೊಂಡು ಬಂದ ಗಿಡಕ್ಕೆ ಸುಣ್ಣದ ಮಣ್ಣು ಯಾಕೆ ಅಂತ ಎರಡು ಚೀಲವೂ ಗೇಟ್ ಮುಂದಿನ ಗುಂಡಿಗೆ ಹೋಯ್ತು.

ಆಮೇಲೆ ಊರಾಚೆ ಇಟ್ಟಿಗೆ ಗೂಡಿನ ಹತ್ರ ಹೋಗಿ ಒಡೆದ ಹೊಸ ಇಟ್ಟಿಗೆ ಕೇಳ್ದೆ, ಸುಮ್ನೆ ಕೊಟ್ರು, ಆಟೋಗೆ 150. ಚೆನ್ನಾಗಿ ಬೆಂದ, ಕಪ್ಪು ಕೆಂಪಾಗಿರೋದನ್ನೇ ಆರಿಸ್ಬೇಕು, ಅರ್ಧ ಬೆಂದಿದ್ದು ನೀರಲ್ಲಿ ಹಾಕಿಟ್ರೆ ಬೆಳಗ್ಗೆಗೆ ಕೆಸರು. ಜರಡಿ ಹಿಡಿಯೋಕೆ ಮೊದಲು ಅಡುಗೆಮನೆ ಹಿಟ್ಟಿನ ಜರಡಿ ತಗೊಂಡೆ, ಅಮ್ಮ ಏನಂದ್ರು ಅಂತ ಇಲ್ಲಿ ಬರೆಯಲ್ಲ. ಹಾರ್ಡ್‌ವೇರ್ ಅಂಗಡೀಲಿ 6 ಮಿಲಿಮೀಟರ್ ಮತ್ತೆ 3 ಮಿಲಿಮೀಟರ್ ಕಣ್ಣಿನ ಮೆಶ್ ಒಂದೊಂದಡಿ ತಂದು, 120 ಆಯ್ತು, ಹಳೇ ಫೋಟೋ ಫ್ರೇಮಿಗೆ ಮೊಳೆ ಹೊಡೆದೆ. 6ರಲ್ಲಿ ಇಳಿದು 3ರಲ್ಲಿ ನಿಂತಿದ್ದು ಮಾತ್ರ ಬಳಸಿದ್ದು. ಪುಡಿ ಇದ್ರೆ ತಳದಲ್ಲಿ ಕೂತು ನೀರು ಕಟ್ಟುತ್ತೆ. ಕುಟ್ಟಿದ್ದರಲ್ಲಿ ಅರ್ಧಕ್ಕರ್ಧ ಪುಡಿಯಾಗೇ ಹೋಯ್ತು. ಮಿಶ್ರಣ: ಇಟ್ಟಿಗೆ ಚೂರು 5 ಪಾಲು, ಜರಡಿ ಹಿಡಿದ ದಪ್ಪ ಮರಳು 2, ನೆನೆಸಿ ತೊಳೆದ ಕೋಕೋಪೀಟ್ 1. ಗೊಬ್ಬರ ಇಲ್ಲ.

ಹಂತ 3, 11 ಫೆಬ್ರವರಿ 2024, ಭಾನುವಾರ: ಕಿತ್ತಿದ್ದು

ಕೆಲಸಕ್ಕೆ ಒಬ್ಬರನ್ನ ಕರೆದೆ, ಅರ್ಧ ದಿನಕ್ಕೆ 700. ನಾನು ಮಾಡಿದ ಮೊದಲನೇ ತಪ್ಪು, ಬೆಳಗ್ಗೆ ಆರಕ್ಕೆ ಎದ್ದು ಮಣ್ಣು ಮೆತ್ತಗಾಗಲಿ ಅಂತ ಎರಡು ಬಕೆಟ್ ನೀರು ಹಾಕಿದ್ದು. ನೀರು ಹಾಕೋದಾದ್ರೆ ಎರಡು ದಿನ ಮುಂಚೆ ಹಾಕ್ಬೇಕು, ಗಿಡವೂ ಕುಡಿದಿರುತ್ತೆ, ಮಣ್ಣೂ ಹದಕ್ಕೆ ಬಂದು ಬೇರು ಹಿಡ್ಕೊಂಡಿರುತ್ತೆ. ನಾನು ಹಾಕಿದ್ದು ಗೋಡೆ ಕಡೆ ಕೆಸರಾಗಿ ಜಾರ್ತಿತ್ತು.

ಮನೆ ಕಡೆ ಹಳೇ ಕಾಲುವೆ ಬಿಡಿಸಿದ್ರೆ, ಆಹಾ, ಮೂರೂವರೆ ತಿಂಗಳಲ್ಲಿ ಕತ್ತರಿಸಿದ ಬೇರಿನ ತುದೀಲೆಲ್ಲಾ ಬಿಳೀ ಬೇರು, ಶ್ಯಾವಿಗೆ ಚೆಲ್ಲಿದ ಹಾಗೆ. ಗೋಡೆ ಕಡೆ ತೋಡಿದ್ರೆ ಕೈ ಬೆರಳಿಗಿಂತ ದಪ್ಪದ ಮೂರು ಬೇರು ಹಗ್ಗದ ತರ ಗೋಡೆ ಪಾಯದ ಕೆಳಗೆ ಓಡಿ ಹೋಗಿವೆ, ಬುಡದ ಹತ್ರ ಕೂದಲು ಬೇರು ಒಂದೂ ಇಲ್ಲ. ಅದನ್ನ ಕತ್ತರಿಸಿದ್ರೆ ಆ ಕಡೆ ಗಿಡಕ್ಕೆ ಬಾಯೇ ಇಲ್ಲ. ಅಲ್ಲೇ ನಿಲ್ಲಿಸ್ಬೋದಿತ್ತಾ ಅಂತ ಈಗಲೂ ಅನ್ಸುತ್ತೆ. ನಿಲ್ಲಿಸ್ಲಿಲ್ಲ.

ಹತ್ತೂವರೆಗೆ ಹಾರೆ ಏಟಿಗೆ ಠಪ್ ಅಂತ ಸದ್ದು, ಗುಂಡಿ ತುಂಬಾ ನೀರು. ಗಾರ್ಡನ್ ನಲ್ಲಿಗೆ ಹೋಗೋ ಅರ್ಧ ಇಂಚಿನ ಪೈಪು, ಅದು ಅಲ್ಲಿದೆ ಅಂತ ಮನೇಲಿ ಯಾರಿಗೂ ಜ್ಞಾಪಕ ಇರ್ಲಿಲ್ಲ. ಪ್ಲಂಬರ್ ಸಂಜೆ ಬಂದು 350 ತಗೊಂಡು ಹೋದ್ರು. ಅಷ್ಟರಲ್ಲಿ ಕೆಲಸದೋರು "ಬಿಡಿ ಸಾರ್, ಅಲ್ಲಾಡ್ತೈತೆ, ಎತ್ತೇ ಬಿಡಾಣ" ಅಂತ ಕಾಂಡ ಹಿಡ್ಕೊಂಡು ಮೀಟಿದ್ರು. ಅಣ್ಣಾ ಬೇಡ ಅನ್ನೋದ್ರೊಳಗೆ ಗೋಡೆ ಕಡೆಯ ಮಣ್ಣು ಒಂದು ದೊಡ್ಡ ಹೆಂಟೆಯಾಗಿ ಕಳಚಿ ಬಿತ್ತು. ಅವರ ತಪ್ಪಲ್ಲ, ಕಾಂಡ ಹಿಡಿದು ಎಳೀಬೇಡಿ, ತಳಕ್ಕೆ ಸಲಿಕೆ ಕೊಟ್ಟು ಎತ್ತಿ ಅಂತ ನಾನು ಮೊದಲೇ ಹೇಳ್ಬೇಕಿತ್ತು. ಉಳಿದಿದ್ದನ್ನ ಗೋಣಿಚೀಲದ ಮೇಲೆ ಜರುಗಿಸಿ, ಅಮ್ಮನ ಹಳೇ ಕಾಟನ್ ಸೀರೆ ಎರಡು ಸುತ್ತು ಬಿಗಿಯಾಗಿ ಸುತ್ತಿ ಗಂಟು ಹಾಕಿದ ಮೇಲೆ ಉದುರೋದು ನಿಲ್ತು. ತುಂಬಿದ ಗ್ಯಾಸ್ ಸಿಲಿಂಡರ್ 30 ಕೆಜಿ ಆಸುಪಾಸು ಇರುತ್ತಲ್ಲ, ಅದಕ್ಕಿಂತ ಚೆನ್ನಾಗೇ ಭಾರ ಇತ್ತು.

ಹಂತ 4, ಅದೇ ದಿನ ಮಧ್ಯಾಹ್ನ: ಬಾಂಡ್ಲಿ

ಕುಂಡಕ್ಕೆ ನೇರವಾಗಿ ಹಾಕೋ ಹಾಗಿಲ್ಲ, ಮೊದಲೆರಡು ವರ್ಷ ಸಾಕೋಕೆ ಅಗಲವಾದ ತಟ್ಟೆ ಬೇಕು. ಗಾರೆ ಕೆಲಸದ ಕಪ್ಪು ಪ್ಲಾಸ್ಟಿಕ್ ಬಾಂಡ್ಲಿ ತಗೊಂಡೆ, 18 ಇಂಚು ಅಗಲ, 7 ಇಂಚು ಆಳ, 180 ರೂಪಾಯಿ. ತಳಕ್ಕೆ 10 ಮಿಲಿಮೀಟರ್ ಡ್ರಿಲ್ಲಲ್ಲಿ 14 ತೂತು. ತೂತಿನ ಮೇಲೆ ಸೊಳ್ಳೆ ಪರದೆ ತುಂಡು ಹಾಕಿದ್ದು ತಪ್ಪು, ಕಣ್ಣು ಸಣ್ಣ, ವಾರದಲ್ಲಿ ಕಟ್ಕೊಳ್ತು, ಗಿಡ ಕೂತ ಮೇಲೆ ಕೆಳಗಿಂದ ಮೊಳೇಲಿ ಚುಚ್ಚಿ ಚುಚ್ಚಿ ಬಿಡಿಸ್ಬೇಕಾಯ್ತು.

ಸೀರೆ ಬಿಚ್ಚಿ ತಳದ ಮಣ್ಣು ಮಾತ್ರ ಎರಡಿಂಚು ಕೆರೆದು ಚಪ್ಪಟೆ ಮಾಡ್ದೆ, ಸುತ್ತಲಿನ ಹಳೇ ಮಣ್ಣು ಮುಟ್ಲಿಲ್ಲ. ಒಳಗೆ ಬಿಳೀ ಬೂಷ್ಟಿನ ಎಳೆ ಕಾಣಿಸ್ತು, ಅಣಬೆ ವಾಸನೆ. ಅದು ರೋಗವೇ ಆಗಿರ್ಬೇಕು ಅಂತೇನಿಲ್ಲ, ಹಾಗೇ ಬಿಟ್ಟೆ. ಹಳೇ ಮಣ್ಣೆಲ್ಲಾ ತೊಳೆದು ಹಾಕಿದ್ದೇ 2021ರಲ್ಲಿ ಮಾಡಿದ ಪಾಪಗಳಲ್ಲಿ ಒಂದು. ಆಮೇಲೆ ಸುತ್ತ ಇಟ್ಟಿಗೆ ಮಿಶ್ರಣ ತುಂಬಿ ಬಿದಿರು ಕಡ್ಡೀಲಿ ಚುಚ್ಚುತ್ತಾ ಬೇರಿನ ಸಂದಿಗೆಲ್ಲಾ ಇಳಿಸೋದು, ಇದಕ್ಕೇ ಮುಕ್ಕಾಲು ಗಂಟೆ ಆಯ್ತು, ಅವಸರ ಮಾಡಿದ್ರೆ ಒಳಗೆ ಪೊಳ್ಳು ಉಳಿಯುತ್ತೆ.

ಕಟ್ಟೋದು ಅಂತ ಒಂದಿದೆ, ನಾನು ಅದನ್ನ ಹಗುರವಾಗಿ ತಗೊಂಡಿದ್ದೆ. ಸೆಂಟ್ರಿಂಗ್ ಕೆಲಸದ ಬೈಂಡಿಂಗ್ ವೈರ್ 40 ರೂಪಾಯಿದು ತಂದು ತಳದ ತೂತಿಂದ ತೂರಿಸಿ ಬುಡಕ್ಕೆ ಸುತ್ತಿದ್ದೆ, ಸಡಿಲವಾಗಿ, ತೊಗಟೆ ಕತ್ತರಿಸ್ಬಾರ್ದು ಅಂತ. ಹತ್ತು ದಿನದ ಮೇಲೆ ಗಾಳಿ ಬಂದಾಗ ನೋಡಿದ್ರೆ ಬುಡ ಸಣ್ಣಗೆ ಅಲ್ಲಾಡ್ತಿದೆ. ಅಲ್ಲಾಡಿದಷ್ಟೂ ಸಲ ಹೊಸ ಬೇರಿನ ತುದಿ ಮುರೀತಿರುತ್ತೆ. ಸೈಕಲ್ ಟ್ಯೂಬ್ ತುಂಡು ಮಧ್ಯೆ ಕೊಟ್ಟು ಇಕ್ಕಳದಲ್ಲಿ ತಿರುಚಿ ಬಿಗಿ ಮಾಡ್ದೆ, ಕಾಂಡ ಹಿಡ್ಕೊಂಡು ಎತ್ತಿದ್ರೆ ಬಾಂಡ್ಲೀನೂ ಎದ್ದು ಬರ್ಬೇಕು, ಅಷ್ಟು.

ಈಗ ದೊಡ್ಡ ತಪ್ಪು. ಬೇರು ಇಷ್ಟು ಹೋಗಿದೆ, ಮೇಲೂ ಅಷ್ಟೇ ತೆಗೆದ್ರೆ ಸರಿ ಹೋಗುತ್ತೆ ಅಂತ ಅದೇ ದಿನ ಮೇಲಿನ ಎರಡಡಿ ಗರಗಸದಲ್ಲಿ ಇಳಿಸಿ, ಪಕ್ಕದ ಕೊಂಬೆಗಳನ್ನೂ ಕತ್ತರಿಸ್ದೆ. ಆಲದ ಬುದ್ಧಿ ಅಂದ್ನಲ್ಲ, ಅದೇ. ಆಲ ಕಾಂಡದಲ್ಲಿ ಕೂಡಿಟ್ಟಿದ್ದರಲ್ಲೇ ಚಿಗುರುತ್ತೆ, ಜುನಿಪರಿನ ಶಕ್ತಿ ಎಲ್ಲಾ ಹಸಿರಲ್ಲೇ ಇರೋದು, ಹೊಸ ಬೇರು ಬಿಡಕ್ಕೆ ಆ ಹಸಿರೇ ಬೇಕು. ಇನ್ನೊಂದು, ಒಂದು ಕೊಂಬೇನ ಹಸಿರೇ ಇಲ್ಲದ ಜಾಗದವರೆಗೆ ಮೋಟು ಮಾಡಿದ್ದೆ, ಪಕ್ಕದಿಂದ ಚಿಗುರುತ್ತೆ ಅಂತ. ಬೋಳು ಹಳೇ ಕಡ್ಡಿಯಿಂದ ಜುನಿಪರ್ ಚಿಗುರಲ್ಲ. ಆ ಮೋಟು ಇವತ್ತಿಗೂ ಹಾಗೇ ಇದೆ.

ಜಾಗ: ಮನೆ ಪೂರ್ವಕ್ಕೆ, 50 ಪರ್ಸೆಂಟ್ ಶೇಡ್ ನೆಟ್ ಮೂರು ಮೀಟರ್, 210 ರೂಪಾಯಿ. ಎಲೆ ಮೇಲೆ ದಿನಕ್ಕೆ ಮೂರು ಸಲ ಸ್ಪ್ರೇ. ಬುಡಕ್ಕೆ ನೀರು ಬೆಳಗ್ಗೆ ಒಂದೇ ಸಲ.

ಹಂತ 5, ಏಪ್ರಿಲ್ 2024: ಹೋಯ್ತು ಅಂದ್ಕೊಂಡಿದ್ದು

ಆ ವರ್ಷದ ಏಪ್ರಿಲ್ ಬಿಸಿಲು ಮೈಸೂರಿನವರಿಗೆ ಮರೆತಿರಲ್ಲ. ಒಂದು ಮಧ್ಯಾಹ್ನ ಬಾಂಡ್ಲಿ ಪಕ್ಕ ಮುಟ್ಟಿದ್ರೆ ಕೈ ಹಿಂದಕ್ಕೆಳ್ಕೊಂಡೆ, ಕಪ್ಪು ಪ್ಲಾಸ್ಟಿಕ್, ಶೇಡ್ ನೆಟ್ ಕೆಳಗಿನಿಂದ ಬರೋ ಓರೆ ಬಿಸಿಲಿಗೆ ಕಾದು ಕೂತಿದೆ. ಒಳಗೆ ಬೇರು ಬೇಯ್ತಿರುತ್ತೆ. ಗೋಣಿಚೀಲ ಸುತ್ತಿ, ಮಧ್ಯಾಹ್ನ ಗೋಣೀನ ಒದ್ದೆ ಮಾಡೋದು ಅಂತ ಶುರು ಮಾಡ್ದೆ. ಬಿಳೀ ಟಬ್ ತಗೊಂಡಿದ್ರೆ ಈ ತಲೆನೋವು ಇರ್ತಿರ್ಲಿಲ್ಲ.

ಅದಾಗಿ ವಾರಕ್ಕೆ ಗೋಡೆ ಕಡೆ ಇದ್ದ ಭಾಗ ಬೂದಿ ಬಣ್ಣಕ್ಕೆ ತಿರುಗ್ತು. ನೀರು ಜಾಸ್ತಿಯೋ ಕಮ್ಮಿಯೋ ಗೊತ್ತಾಗ್ಲಿಲ್ಲ, ಬಿದಿರು ಕಡ್ಡಿ ಎರಡು ಕಡೆ ಚುಚ್ಚಿ ಹತ್ತು ನಿಮಿಷ ಬಿಟ್ಟೆ. ಇಟ್ಟಿಗೆ ಚೂರಿನಲ್ಲಿ ಚುಚ್ಚಿದ್ದು ಒದ್ದೆಯಾಗಿ ಬಂತು, ಬುಡದ ಹತ್ರ ಹಳೇ ಕೆಂಪು ಮಣ್ಣಿಗೆ ಚುಚ್ಚಿದ್ದು ಅಂಗಡಿಯಿಂದ ತಂದ ಹಾಗೆ ಒಣಗಿತ್ತು. ಎರಡು ತಿಂಗಳು ನಾನು ಹಾಕಿದ ನೀರೆಲ್ಲಾ ಸುತ್ತಲಿನ ಚೂರಿನಲ್ಲಿ ಇಳಿದು ತಳದಿಂದ ಹೋಗಿದೆ, ಮಧ್ಯದ ಗಟ್ಟಿ ಉಂಡೆಗೆ ಇಳಿದೇ ಇಲ್ಲ, ಬೇರಿರೋದು ಅಲ್ಲೇ. ಅಮ್ಮನ ಸ್ವೆಟರ್ ಕಡ್ಡೀಲಿ (ಕೇಳದೇ ತಗೊಂಡಿದ್ದು) ಉಂಡೆಗೆ ಇಪ್ಪತ್ತು ಇಪ್ಪತ್ತೈದು ತೂತು ಮಾಡಿ, ಬಾಂಡ್ಲಿ ಸಮೇತ ದೊಡ್ಡ ಟಬ್ಬಲ್ಲಿ ಇಪ್ಪತ್ತು ನಿಮಿಷ ಮುಳುಗಿಸಿಟ್ಟೆ, ಗುಳುಗುಳು ಅಂತ ಗುಳ್ಳೆ ನಿಲ್ಲೋವರೆಗೂ. ಆಮೇಲೆ ಹತ್ತು ದಿನಕ್ಕೊಂದ್ಸಲ ಇದು ಖಾಯಂ ಆಯ್ತು. ಇಡೀ ಕೆಲಸದಲ್ಲಿ ಗಿಡ ಉಳಿಸಿದ್ದು ಯಾವುದು ಅಂತ ಕೇಳಿದ್ರೆ ನಾನು ಈ ತೂತುಗಳನ್ನೇ ಹೇಳೋದು.

ಬೂದಿ ಬಣ್ಣಕ್ಕೆ ಇನ್ನೊಂದು ಕಾರಣಾನೂ ಇತ್ತು. ಕೊಂಬೆ ಕೆಳಗೆ ಬಿಳೀ ಹಾಳೆ ಹಿಡಿದು ತಟ್ಟಿದ್ರೆ ಧೂಳಿನ ಚುಕ್ಕಿ ಬಿತ್ತು, ಚುಕ್ಕಿ ನಡೀತಿತ್ತು, ಬೆರಳಲ್ಲಿ ಒರೆಸಿದ್ರೆ ಕೆಂಪು ಗೆರೆ. ಕೆಂಪು ನುಸಿ, ಒಣ ಬಿಸಿಲಿಗೆ ಜುನಿಪರಿಗೆ ಬಂದೇ ಬರುತ್ತೆ. ಬೇವಿನೆಣ್ಣೆ ತಂದೆ, 120, ಲೀಟರಿಗೆ 5 ಎಂಎಲ್, ಪಾತ್ರೆ ತೊಳೆಯೋ ಲಿಕ್ವಿಡ್ ನಾಲ್ಕು ಹನಿ, ಭಾನುವಾರ ಹನ್ನೊಂದು ಗಂಟೆಗೆ ಹೊಡೆದೆ. ಬಿಸಿಲಲ್ಲಿ ಎಣ್ಣೆ ಹೊಡೀಬಾರ್ದು, ಸಂಜೆ ಹೊಡೀಬೇಕು, ಗೊತ್ತಿತ್ತು, ಆದ್ರೂ ಸಂಜೆ ಮದುವೆ ರಿಸೆಪ್ಷನ್ ಇತ್ತು ಅಂತ ಹೊಡೆದೆ. ಎಳೇ ತುದಿಗಳೆಲ್ಲಾ ಸುಟ್ಟು ಕಂದಾದವು. ಆಮೇಲೆ ಎಣ್ಣೆ ಬಿಟ್ಟು, ಮೂರು ದಿನಕ್ಕೊಂದ್ಸಲ ಪೈಪಲ್ಲಿ ಎಲೆ ಅಡಿಯಿಂದ ರಭಸವಾಗಿ ನೀರು ಹೊಡೆದಿದ್ದೇ ಕೆಲಸ ಮಾಡ್ತು.

ಮೇ ಮಧ್ಯಕ್ಕೆ ಗೋಡೆ ಕಡೆಯ ದಪ್ಪ ಕೊಂಬೆ ಒಂದು ಪೂರ್ತಿ ಒಣಗ್ತು, ಅದೊಂದೇ. ಆಗ ಅರ್ಥ ಆಯ್ತು, ಜುನಿಪರಲ್ಲಿ ಬೇರಿಗೂ ಅದರ ಮೇಲಿನ ಕೊಂಬೆಗೂ ನೇರ ಲೈನ್ ಇದ್ದ ಹಾಗೆ, ಆ ಬೇರು ಹೋದ್ರೆ ಪಕ್ಕದ ಬೇರು ಆ ಕೊಂಬೇನ ಸಾಕಲ್ಲ. ಕೂದಲು ಬೇರಿಲ್ಲದ ಆ ಮೂರು ಹಗ್ಗ ಕತ್ತರಿಸಿದ್ದು ಫೆಬ್ರವರೀಲಿ, ಬಿಲ್ ಬಂದಿದ್ದು ಮೇನಲ್ಲಿ. ತೊಗಟೆ ಮೇಲೆ ಆ ಕೊಂಬೆಯಿಂದ ಬುಡದವರೆಗೂ ಒಂದು ಪಟ್ಟಿ ಒಳಗೆ ಕುಸಿದಿರೋದು ಈಗಲೂ ಬೆರಳಿಗೆ ಸಿಗುತ್ತೆ.

ಹಂತ 6, ಜೂನ್ 2024ರಿಂದ 2025ರ ಕೊನೆ: ಏನೂ ಮಾಡದೇ ಇದ್ದಿದ್ದು

ಮಳೆ ಹಿಡಿದ ಮೇಲೆ ಮನೆ ಕಡೆಯ ತುದಿಗಳಲ್ಲಿ ಗಿಣಿ ಹಸಿರು ಕಾಣಿಸ್ತು. ಗಿಡ ಹಸಿರಾಗಿದೆ ಅನ್ನೋದು ಸಾಕ್ಷಿ ಅಲ್ಲ, ತುದಿ ಉದ್ದ ಆಗ್ತಿದೆ ಅನ್ನೋದು ಸಾಕ್ಷಿ, ಬೇರು ಓಡ್ದೇ ಅದು ಆಗಲ್ಲ. ಒಂದು ತುದಿಗೆ ದಾರ ಕಟ್ಟಿ ಅಳೆದೆ, ಜುಲೈನಲ್ಲಿ 2 ಸೆಂಟಿಮೀಟರ್ ಬೆಳೆದಿತ್ತು. ಆದ್ರೆ ಬಂದಿದ್ದೆಲ್ಲಾ ಚುಚ್ಚೋ ಸೂಜಿ ಎಲೆ. ಈ ಗಿಡಕ್ಕೆ ನುಣುಪಾದ, ಮೀನಿನ ಹುರುಪೆ ತರ ಕಡ್ಡಿಗೆ ಅಂಟಿಕೊಂಡ ಹುರುಪೆ ಎಲೆ ಇರ್ಬೇಕು, ಜಾಸ್ತಿ ಕತ್ತರಿಸಿ ಹೆದರಿಸಿದ್ರೆ ಹೀಗೆ ಬಾಲ್ಯಕ್ಕೆ ವಾಪಸ್ ಹೋಗುತ್ತೆ. ನನ್ನ ಗರಗಸದ ಪ್ರಸಾದ, ಪೂರ್ತಿ ಹುರುಪೆ ಎಲೆ ಇನ್ನೂ ವಾಪಸ್ ಬಂದಿಲ್ಲ.

ಒಂದೂವರೆ ವರ್ಷ ಕೊಂಬೆ ಬಗ್ಗಿಸಕ್ಕೆ ತಂತಿ ಸುತ್ತಲಿಲ್ಲ, ಕತ್ತರಿ ಮುಟ್ಲಿಲ್ಲ. ಅಕ್ಟೋಬರಿಂದ ಶೇಡ್ ನೆಟ್ ತೆಗೆದು ಪೂರ್ತಿ ಬಿಸಿಲು. ತಿಂಗಳಿಗೊಂದ್ಸಲ ಹೊಂಗೆ ಹಿಂಡಿ ಎರಡು ಚಮಚ. ಅಪ್ಪ ಮಾತ್ರ ಬಂದವರಿಗೆಲ್ಲಾ "ಇದು ಬಾಂಡ್ಲಿ ಬೋನ್ಸಾಯ್" ಅಂತ ಪರಿಚಯ ಮಾಡ್ಸ್ತಿದ್ರು. ಒಣಗಿದ ಕೊಂಬೆ ತೊಗಟೆ ಸುಲಿದು ಹಳೇ ಟೂತ್‌ಬ್ರಷ್ಷಲ್ಲಿ ಉಜ್ಜಿ ಬಿಟ್ಟಿದೀನಿ, ಬಿಸಿಲಿಗೆ ಬೆಳ್ಳಗಾಗ್ತಿದೆ. ಬೋನ್ಸಾಯ್ ಮಾಡೋರು ಇದನ್ನ ಜಿನ್ ಅಂತ ಕರೆದು ಬೇಕಂತಲೇ ಮಾಡ್ತಾರೆ, ನೋಡಕ್ಕೆ ಬಂದವರ ಹತ್ರ ನಾನೂ ಬೇಕಂತಲೇ ಮಾಡಿದ್ದು ಅಂತಿದ್ದೆ.

ಹಂತ 7, 18 ಜನವರಿ 2026: ಕುಂಡದಲ್ಲಿ ಗಿಡ ಕೂರ್ಲಿಲ್ಲ

ಕುಂಡ ತಂದಿದ್ದು ಡಿಸೆಂಬರಲ್ಲೇ, 14 ಇಂಚು ಉದ್ದ, 10 ಅಗಲ, 4 ಆಳ, ಕಂದು ಬಣ್ಣ. ಪ್ಲಾನ್: ಮನೆ ಕಡೆ ಅರ್ಧದ ಹಳೇ ಮಣ್ಣು ಪೂರ್ತಿ ಬಿಡಿಸೋದು, ಗೋಡೆ ಕಡೆ ಅರ್ಧ ಮುಟ್ಟದೇ ಇರೋದು, ಅದು ಇನ್ನೆರಡು ವರ್ಷದ ಮೇಲೆ. ಒಂದು ಕಡೆ ಬೇರು ಕೆಲಸ ಮಾಡ್ತಿರೋವಾಗ ಇನ್ನೊಂದು ಕಡೆ ಸುಧಾರಿಸ್ಕೊಳುತ್ತೆ.

ಬಾಂಡ್ಲಿಯಿಂದ ಎತ್ತಿದ್ರೆ ಇಟ್ಟಿಗೆ ಚೂರಿಗೆ ಬೇರು ಸುತ್ತಿ ಇಡೀದು ಇಡ್ಲಿ ತರ ಒಂದೇ ತುಂಡಾಗಿ ಬಂತು, ಆ ಖುಷಿ ಹೇಳಕ್ಕಾಗಲ್ಲ. ಬಿದಿರು ಕಡ್ಡೀಲಿ ಎರಡು ಗಂಟೆ ಕೆದಕಿ ಅರ್ಧ ಬಿಡಿಸ್ದೆ, ಮಧ್ಯೆ ಮಧ್ಯೆ ಬೇರು ಒಣಗದ ಹಾಗೆ ಸ್ಪ್ರೇ. ಕೆಂಪು ಮಣ್ಣು ಒಳಗೆ ಇಟ್ಟಿಗೇನೇ ಆಗಿತ್ತು. ಆಮೇಲೆ ಕುಂಡದಲ್ಲಿ ಇಟ್ಟು ನೋಡಿದ್ರೆ ಗೋಡೆ ಕಡೆಯ ದಪ್ಪ ಬೇರಿನ ಮೋಟು ಕುಂಡದ ಅಂಚಿಗೆ ಬಡೀತಿದೆ, ಬುಡ ಅಂಚಿಗಿಂತ ಒಂದೂವರೆ ಇಂಚು ಮೇಲೆ. ಆ ಮೋಟಲ್ಲಿ ಈಗ ಸಣ್ಣ ಬೇರು ಹುಟ್ಟಿರೋದೇ ತುದೀಲಿ, ಕತ್ತರಿಸಿದ್ರೆ ಅದೂ ಹೋಯ್ತು. ಗರಗಸ ಕೈಲಿ ಹಿಡ್ಕೊಂಡು ಐದು ನಿಮಿಷ ನಿಂತಿದ್ದೆ, ಇಟ್ಬಿಟ್ಟೆ. ಕುಂಡ ಕೊಳ್ಳೋ ಮೊದಲು ಬೇರು ಅಳೀಬೇಕು ಅನ್ನೋದು ಬಟ್ಟೆ ಹೊಲಿಸೋ ಯಾರಿಗಾದ್ರೂ ಗೊತ್ತಿರೋ ವಿಷಯ.

ಗಿಡಾನ ಒದ್ದೆ ಗೋಣೀಲಿ ಸುತ್ತಿಟ್ಟು, ಟೈಲ್ಸ್ ಬಂದಿದ್ದ ಪ್ಯಾಕಿಂಗ್ ಮರ 240 ಕೊಟ್ಟು ತಂದು, ಸಂಜೆ ಏಳರೊಳಗೆ 18 ಇಂಚು ಉದ್ದ, 14 ಅಗಲ, 5 ಆಳದ ಪೆಟ್ಟಿಗೆ ಹೊಡೆದೆ. ತಳದ ಹಲಗೆಗಳ ಮಧ್ಯೆ ಅರ್ಧ ಸೆಂಟಿಮೀಟರ್ ಸಂದಿ, ಸೊಳ್ಳೆ ಪರದೆ ಇಲ್ಲ. ಎರಡಿಂಚು ಆಳ ಕಮ್ಮಿಯಾಯ್ತು, ಅದೇ ಈ ಸಲದ ಲಾಭ. ಈ ಸಲ ಮೇಲಿಂದ ಒಂದು ಎಲೇನೂ ಕತ್ತರಿಸಿಲ್ಲ.

ಖರ್ಚು ಒಟ್ಟು 4,520, 2021ರ ಹೆಣ ಸೇರಿಸದೇ. ಆರು ವಾರ ಆಯ್ತು, ಬಣ್ಣ ಕೆಟ್ಟಿಲ್ಲ, ಆದ್ರೆ ಬಣ್ಣ ನಂಬಲ್ಲ ಅಂದ್ನಲ್ಲ, ಮೂರು ತುದಿಗೆ ದಾರ ಕಟ್ಟಿದೀನಿ, ಇನ್ನೂ ಉದ್ದ ಆಗಿಲ್ಲ. ಗೋಡೆ ಕಡೆ ಅರ್ಧ 2028ರ ಜನವರಿಗೆ. ಅಲ್ಲಿವರೆಗೂ 1,800 ರೂಪಾಯಿ ಕುಂಡ ಖಾಲಿ ಇಡೋದ್ಯಾಕೆ ಅಂತ ಅಮ್ಮ ಅದರಲ್ಲಿ ಮೆಂತ್ಯ ಚೆಲ್ಲಿದಾರೆ. ಎರಡು ಸಲ ಕೊಯ್ದಾಯ್ತು, ನೀರು ಚೆನ್ನಾಗಿ ಇಳಿದು ಹೋಗುತ್ತೆ ಅಂತಾರೆ.